ಬಸವನಗುಡಿಯ ಮನೆ: ಕೆಡಹುವ ಮುನ್ನ

ಮಾನ್ಯರೇ, 1898ರ ಪ್ಲೇಗಿನ ತರುವಾಯ ಜನರು ಬಂದು ನೆಲೆಸಿದ ಬಸವನಗುಡಿಯಲ್ಲಿ ತಮ್ಮ ಪಿತಾಮಹರು ಕಟ್ಟಿಸಿದ ಮನೆಯನ್ನು, ಗೋಡೆ ಒದ್ದೆಯಾಗಿ ಉದುರುತ್ತಿದೆಯೆಂಬ ಒಂದೇ ಕಾರಣದಿಂದ ಕೆಡಹಲು ನಿಶ್ಚಯಿಸುವುದು ಆತುರದ ತೀರ್ಮಾನವೆಂದೇ ನನ್ನ ಅಭಿಪ್ರಾಯ. ಸುಣ್ಣದ ಗಾರೆಯ ಗೋಡೆ ತೇವವನ್ನು ಹೀರಿ ಹೊರಬಿಡುವಂಥದು. ತಾವು ಅದರ ಮೇಲೆ ಬಳಿಸಿದ ಸಿಮೆಂಟು ಆ ತೇವವನ್ನು ಒಳಗೇ ತಡೆದು ಇಟ್ಟಿಗೆಯನ್ನು ಸವೆಯಿಸುತ್ತಿರುವುದರಿಂದ, ಬಹುಮಟ್ಟಿಗೆ ಈ ವ್ಯಾಧಿ ಚಿಕಿತ್ಸೆಯಿಂದಲೇ ಹುಟ್ಟಿದುದು. ಸಿಮೆಂಟನ್ನು ಕೆತ್ತಿಸಿ, ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಸಿದ ಮದ್ರಾಸು ತಾರಸಿಯಲ್ಲಿ ಆ ತೊಲೆಗಳ ತುದಿ ಗೋಡೆಯೊಳಗೆ ಸೇರುವೆಡೆಯಲ್ಲಿ ಗೆದ್ದಲು ಹಿಡಿದಿದೆಯೇ ಎಂಬುದನ್ನು ಗಾರೆಯ ಕೆಲಸ ಬಲ್ಲ ಇಂಜಿನಿಯರರಿಂದ ಪರೀಕ್ಷೆ ಮಾಡಿಸಿರಿ. ತೊಲೆಯನ್ನು ಬದಲಿಸಬಹುದು, ತಳಪಾಯವೇ ಕುಸಿದಿದ್ದರೆ ಮಾತು ಬೇರೆ. ಕೆಡಹಲು ಕೈಹಾಕಿದ ಮನೆಯನ್ನೂ ಉಳಿಸಬಹುದು: ಮೈಸೂರಿನ ಯಾದವಗಿರಿಯಲ್ಲಿ, 2011ರಲ್ಲಿ ಕೆಡಹತೊಡಗಿ ನಡುವೆಯೇ ನಿಲ್ಲಿಸಿದ ಕಾದಂಬರಿಕಾರ ಆರ್.ಕೆ. ನಾರಾಯಣರ ಮನೆ ದುರಸ್ತಿಗೊಂಡು 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ಪರೀಕ್ಷೆ ಮುಗಿಯುವವರೆಗೆ ಬಿಲ್ಡರರೊಂದಿಗಿನ ಯಾವ ಕರಾರಿಗೂ ದಯವಿಟ್ಟು ರುಜು ಹಾಕಬೇಡಿರಿ.