ಭಯಕ್ಕೂ ಮದ್ದುಂಟು

ನಿಮಗೆ ಎಂದಾದರೂ "ನನಗೇನೋ ದೊಡ್ಡ ಕಾಯಿಲೆ ಬಂದಿದೆ" ಎಂದು ಭಯವಾದದ್ದುಂಟೇ? ಆಗ ಅದನ್ನು ಯಾರಲ್ಲಿ ಹೇಳಿದಿರಿ? ಅಧ್ಯಾಪಕರೊಬ್ಬರ ಈ ಅನುಭವವನ್ನು ಓದಿರಿ.

2020ರ ಏಪ್ರಿಲ್ ತಿಂಗಳು. ಕಾಸರಗೋಡು ಜಿಲ್ಲೆಯ ರಸ್ತೆಗಳೆಲ್ಲ ಬರಿದಾಗಿದ್ದವು. ಶಾಲೆ ಮುಚ್ಚಿತ್ತು. ಬಸ್ಸುಗಳು ಓಡುತ್ತಿರಲಿಲ್ಲ. ತಲಪಾಡಿಯಲ್ಲಿ ರಾಜ್ಯದ ಗಡಿಯನ್ನೂ ಮುಚ್ಚಿದ್ದರು. ಸಣ್ಣ ದೊಡ್ಡ ಕಾಯಿಲೆಗಳಿಗೆಲ್ಲ ಮಂಗಳೂರಿಗೆ ಹೋಗಿ ಅಭ್ಯಾಸವಾಗಿದ್ದ ನಮ್ಮ ಊರಿನವರಿಗೆ ಆ ದಾರಿಯೇ ಇಲ್ಲವಾಗಿತ್ತು.

ಇದಕ್ಕೆಲ್ಲ ಕಾರಣ ಕೊರೋನಾ. ಭಾರತದ ಮೊದಲ ಕೊರೋನಾ ರೋಗಿ 2020 ಜನವರಿ 30ರಂದು ನಮ್ಮದೇ ರಾಜ್ಯದ ತೃಶ್ಶೂರಿನಲ್ಲಿ ಪತ್ತೆಯಾದರು. ಮೂರನೆಯವರು ಫೆಬ್ರವರಿ 3ರಂದು ನಮ್ಮ ಜಿಲ್ಲೆಯಲ್ಲಿ ಪತ್ತೆಯಾದರು. ಚೀನಾದಲ್ಲಿ ಕಲಿಯುತ್ತಿದ್ದ ಆ ವಿದ್ಯಾರ್ಥಿ ಕಾಞಂಗಾಡಿನ ಆಸ್ಪತ್ರೆಯಲ್ಲಿ ಗುಣ ಹೊಂದಿ ಮನೆಗೆ ಮರಳಿದರು. ಆದರೆ ಮಾರ್ಚ್ ತಿಂಗಳಲ್ಲಿ ಜಿಲ್ಲೆಯ ರೋಗಿಗಳ ಸಂಖ್ಯೆ ದಿನದಿಂದ ದಿನಕ್ಕೆ ಏರಿತು.

ನಿಜ ಹೇಳುತ್ತೇನೆ, ನನಗೂ ಭಯವಾಗಿತ್ತು. ಒಂದು ಸಲ ಕೆಮ್ಮಿದರೆ ಸಾಕು, ಥರ್ಮಾಮೀಟರ್ ಹಿಡಿದುಕೊಳ್ಳುತ್ತಿದ್ದೆ. ದಿನಕ್ಕೆ ಹತ್ತು ಸಲ ನೋಡಿದರೂ ಸಮಾಧಾನವಿಲ್ಲ. ಮೊಬೈಲಿನಲ್ಲಿ ರೋಗಲಕ್ಷಣಗಳನ್ನು ಹುಡುಕಿ ಹುಡುಕಿ ಓದುತ್ತಿದ್ದೆ. ಓದಿದ ಲಕ್ಷಣಗಳೆಲ್ಲ ನನ್ನಲ್ಲಿಯೂ ಇರುವಂತೆ ತೋರುತ್ತಿತ್ತು.

ಒಂದು ಸಂಜೆ ಐದನೆಯ ತರಗತಿಯ ನನ್ನ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. ಅವನ ಸ್ವರ ನಡುಗುತ್ತಿತ್ತು.

"ಮಾಷ್ಟ್ರೇ, ನನಗೆ ಕೊರೋನಾ ಬಂದಿದೆ."

"ಯಾರು ಹೇಳಿದರು ಮಗಾ?"

"ಯಾರೂ ಹೇಳಲಿಲ್ಲ. ಎದೆ ಡಬಡಬ ಹೊಡೆಯುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಆಗುತ್ತದೆ. ಊಟ ಸೇರುವುದಿಲ್ಲ."

"ಜ್ವರ ಉಂಟಾ?"

"ಇಲ್ಲ."

"ಅಮ್ಮನಿಗೆ ಹೇಳಿದೆಯಾ?"

"ಹೇಳಿದರೆ ಅಮ್ಮ ಅಳುತ್ತಾರೆ ಮಾಷ್ಟ್ರೇ."

ಅವನ ಅಪ್ಪ ಮಾರ್ಚ್ ತಿಂಗಳಲ್ಲಿ ಗಲ್ಫಿನಿಂದ ಬಂದಿದ್ದರು. ಮಾಳಿಗೆಯ ಕೋಣೆಯಲ್ಲಿ ಒಬ್ಬರೇ ಇದ್ದರು. ಅವರಿಗೆ ಯಾವ ತೊಂದರೆಯೂ ಇರಲಿಲ್ಲ. ಆದರೂ ಹುಡುಗ ಮೆಟ್ಟಿಲಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ತಂಗಿಯನ್ನು ಮುಟ್ಟುತ್ತಿರಲಿಲ್ಲ. ಕೈ ತೊಳೆದು ತೊಳೆದು ಬೆರಳ ತುದಿಗಳು ಒಡೆದಿದ್ದವು.

"ಏನೂ ಆಗುವುದಿಲ್ಲ, ಸುಮ್ಮನಿರು" ಎಂದು ಹೇಳಬೇಕೆಂದಿದ್ದೆ. ಆಗ ನನ್ನ ಕೈಯಲ್ಲಿದ್ದ ಥರ್ಮಾಮೀಟರ್ ಕಣ್ಣಿಗೆ ಬಿತ್ತು. ಮಾತು ಹೊರಡಲಿಲ್ಲ.

ಅವನ ಅಮ್ಮನಿಗೆ ವಿಷಯ ತಿಳಿಸಿದೆ. ಅವರ ಒಪ್ಪಿಗೆ ಪಡೆದು ಕೇರಳ ಆರೋಗ್ಯ ಇಲಾಖೆಯ 'ದಿಶಾ' ಸಹಾಯವಾಣಿ 1056ಕ್ಕೆ ಕರೆ ಮಾಡಿದೆವು. ಆಗ ರಾಜ್ಯದಲ್ಲಿ 'ಒಟ್ಟಯ್ಕಲ್ಲ ಒಪ್ಪಮುಂಡು' ಎಂಬ ಕಾರ್ಯಕ್ರಮ ನಡೆಯುತ್ತಿತ್ತು. 'ನೀವು ಒಬ್ಬಂಟಿಯಲ್ಲ, ಜೊತೆಗೆ ನಾವಿದ್ದೇವೆ' ಎಂದು ಅದರ ಅರ್ಥ. ಮನಸ್ಸಿನ ಸಂಕಟ ಇರುವವರೊಡನೆ ಆಪ್ತ ಸಲಹೆಗಾರರು ಫೋನಿನಲ್ಲಿ ಮಾತನಾಡುತ್ತಿದ್ದರು.

ಸಲಹೆಗಾರರು ಮೊದಲು ಜ್ವರ, ಕೆಮ್ಮು, ಉಸಿರಾಟದ ಬಗ್ಗೆ ವಿಚಾರಿಸಿದರು. ರೋಗದ ಲಕ್ಷಣ ಇಲ್ಲವೆಂದು ಖಚಿತಪಡಿಸಿಕೊಂಡರು. ಅವರದು ಮಲಯಾಳ ಭಾಷೆ. ಹುಡುಗನಿಗೆ ಅಂಗಡಿಗೆ ಹೋಗಿ ಬರುವಷ್ಟು ಮಲಯಾಳ ಬರುತ್ತಿತ್ತು. ಭಯವನ್ನು ಹೇಳುವಷ್ಟು ಬರುತ್ತಿರಲಿಲ್ಲ. "ನಿನ್ನ ಭಾಷೆಯಲ್ಲಿಯೇ ಹೇಳು, ಮಾಷ್ಟ್ರು ನನಗೆ ತಿಳಿಸುತ್ತಾರೆ" ಎಂದರು ಅವರು. ಆಗ ಹುಡುಗ ಮನಬಿಚ್ಚಿ ಹೇಳಿದ, ಅತ್ತ. ನಾನು ಎರಡು ಭಾಷೆಗಳ ನಡುವೆ ಸೇತುವೆಯಾದೆ.

ಅವರು ವಿವರಿಸಿದರು: "ನಮಗೆ ಹೆದರಿಕೆಯಾದಾಗ ದೇಹದಲ್ಲಿ ಅಡ್ರಿನಾಲಿನ್ ಎಂಬ ಹಾರ್ಮೋನು ಹೆಚ್ಚುತ್ತದೆ. ಎದೆ ಬೇಗ ಬೇಗ ಬಡಿಯುತ್ತದೆ. ಉಸಿರು ಜೋರಾಗುತ್ತದೆ. ಬಾಯಿ ಒಣಗುತ್ತದೆ. ಹಾವು ಕಂಡಾಗ ಓಡುವುದಕ್ಕೆ ಇದೆಲ್ಲ ಬೇಕು. ಆದರೆ ಮನೆಯಲ್ಲಿ ಸುಮ್ಮನೆ ಕುಳಿತವನಿಗೆ ಹೀಗಾದರೆ ಅದನ್ನೇ ಅವನು ಕಾಯಿಲೆ ಎಂದು ತಿಳಿಯುತ್ತಾನೆ. ಆಗ ಭಯ ಇನ್ನೂ ಹೆಚ್ಚುತ್ತದೆ. ಮತ್ತೆ ಮತ್ತೆ ಪರೀಕ್ಷಿಸಿದರೆ ಸ್ವಲ್ಪ ಹೊತ್ತು ಸಮಾಧಾನ. ಆಮೇಲೆ ಪುನಃ ಸಂಶಯ."

ಈ ಮಾತುಗಳನ್ನು ಹುಡುಗನಿಗೆ ಕನ್ನಡದಲ್ಲಿ ಹೇಳುತ್ತಿದ್ದಾಗ ನನಗೇ ಹೇಳಿಕೊಂಡಂತಾಯಿತು. ಸಲಹೆಗಾರರು ಕೊಟ್ಟ ಕೆಲಸಗಳನ್ನು ನಾವಿಬ್ಬರೂ ಮಾಡಲು ನಿಶ್ಚಯಿಸಿದೆವು.

1. ಪುಸ್ತಕದಲ್ಲಿ ಎರಡು ಕಾಲಂ ಹಾಕುವುದು. ಒಂದರಲ್ಲಿ 'ನನ್ನ ಭಯ', ಇನ್ನೊಂದರಲ್ಲಿ 'ನನಗೆ ನಿಜವಾಗಿ ಗೊತ್ತಿರುವುದು' ಎಂದು ಬರೆಯುವುದು.
2. ಪರೀಕ್ಷಿಸಬೇಕೆಂದು ಅನಿಸಿದಾಗ ಹತ್ತು ನಿಮಿಷ ತಡೆದು ಬೇರೆ ಕೆಲಸ ಮಾಡುವುದು. ಬರಬರುತ್ತಾ ಆ ಸಮಯವನ್ನು ಹೆಚ್ಚಿಸುವುದು.
3. ಕೊರೋನಾ ಸುದ್ದಿಯನ್ನು ದಿನಕ್ಕೆ ಒಂದೇ ಸಲ ನೋಡುವುದು.
4. ನಿಧಾನವಾಗಿ ಉಸಿರೆಳೆದು, ಇನ್ನೂ ನಿಧಾನವಾಗಿ ಬಿಡುವುದು.
5. ಊಟದ ಮೊದಲು ಮತ್ತು ಹೊರಗಿನಿಂದ ಬಂದಾಗ ಸೋಪು ಹಾಕಿ ಕೈ ತೊಳೆಯುವುದು. ತೊಳೆದ ಕೈಯನ್ನು ನಂಬುವುದು.

ಮೊದಲ ದಿನಗಳು ಸುಲಭವಾಗಿರಲಿಲ್ಲ. ಹತ್ತು ನಿಮಿಷ ಒಂದು ಗಂಟೆಯಂತೆ ಕಾಣುತ್ತಿತ್ತು. ದಿನಾಲೂ ಸಂಜೆ ಫೋನಿನಲ್ಲಿ ಲೆಕ್ಕ ಒಪ್ಪಿಸುತ್ತಿದ್ದೆವು. ಒಂದು ದಿನ ಅವನೇ ಕೇಳಿದ:

"ಮಾಷ್ಟ್ರೇ, ಇವತ್ತು ನೀವು ಎಷ್ಟು ಸಲ ನೋಡಿದಿರಿ?"

"ಮೂರು ಸಲ."

"ಒಂದೇ ಸಲ ಅಂತ ಅಲ್ಲವಾ ನಾವು ಹೇಳಿದ್ದು?"

ನನಗೆ ನಗು ಬಂತು. ಅವನೂ ನಕ್ಕ. ಆ ವಾರದಲ್ಲಿಯೇ ಅವನು ಮೆಟ್ಟಿಲಿನ ಕೆಳಗೆ ನಿಂತು ಅಪ್ಪನೊಡನೆ ಮಾತನಾಡಿದ. ಕೋಣೆಯಲ್ಲಿರಬೇಕಾದ ದಿನಗಳು ಮುಗಿದು ಅಪ್ಪ ಕೆಳಗೆ ಬಂದಾಗ ಮೊದಲು ಓಡಿಹೋಗಿ ಅಪ್ಪಿಕೊಂಡವನು ಅವನೇ.

ಮೇ ತಿಂಗಳಲ್ಲಿ ಒಂದು ಸಂತೋಷದ ಸುದ್ದಿ ಬಂತು. ಜಿಲ್ಲೆಯಲ್ಲಿ ಅದುವರೆಗೆ ರೋಗ ತಗಲಿದ್ದ 178 ಮಂದಿಯೂ ಗುಣ ಹೊಂದಿದ್ದರು. ಆಮೇಲೆ ರೋಗ ಪುನಃ ಹರಡಿತು, ಅನೇಕ ಜೀವಗಳನ್ನೂ ತೆಗೆದುಕೊಂಡಿತು. ಹಾಗಾದ್ದರಿಂದ ನಮ್ಮ ಭಯ ಸುಳ್ಳಾಗಿರಲಿಲ್ಲ, ಅಳತೆ ಮೀರಿತ್ತು ಅಷ್ಟೆ. ಎಚ್ಚರಿಕೆ ಬೇಕು. ಆದರೆ ಎಚ್ಚರಿಕೆಯೇ ನಮ್ಮ ಊಟ, ನಿದ್ರೆ, ನಗುವನ್ನು ಕಸಿದುಕೊಳ್ಳಬಾರದು.

ನಿಮಗೆ ತಿಳಿದಿರಲಿ

ದೂರದಲ್ಲಿದ್ದುಕೊಂಡೇ ಮನಸ್ಸಿಗೆ ಚಿಕಿತ್ಸೆ ಪಡೆಯುವ ಕ್ರಮ ಇಂದು ಹಲವು ದೇಶಗಳಲ್ಲಿದೆ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರು ಕಾಯಿಲೆಯ ಅತಿಯಾದ ಭಯ ಇದ್ದವರಿಗೆ ಇಂಟರ್‌ನೆಟ್ ಮೂಲಕ 12 ವಾರ ಪಾಠ, ಅಭ್ಯಾಸ ಮತ್ತು ಸಲಹೆ ನೀಡಿದರು. ಹೀಗೆ ಮಾಡುವುದರಿಂದ ಭಯ ಕಡಿಮೆಯಾಗುತ್ತದೆ ಎಂಬುದನ್ನು 2011ರಲ್ಲಿ ಪ್ರಕಟಿಸಿದರು. ನಮ್ಮ ದೇಶದಲ್ಲಿ 2022 ಅಕ್ಟೋಬರ್ 10ರಂದು 'ಟೆಲಿ ಮಾನಸ್' ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಇದರ ಸೇವೆಯ ಭಾಷೆಗಳಲ್ಲಿ ಕನ್ನಡವೂ ಸೇರಿದೆ.

ಜ್ವರ ಬಿಡದಿದ್ದರೆ, ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಭಯವಾದರೆ ಮನೆಯ ಹಿರಿಯರಲ್ಲಿ ಅಥವಾ ಅಧ್ಯಾಪಕರಲ್ಲಿ ಹೇಳಬೇಕು.

ಚಟುವಟಿಕೆಗಳು

• ಹುಡುಗನು ತನ್ನ ಭಯವನ್ನು ಅಮ್ಮನಿಗೆ ಏಕೆ ಹೇಳಿರಲಿಲ್ಲ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

• ಒಂದು ನಿಮಿಷ ಕಣ್ಣು ಮುಚ್ಚಿ ನಿಮ್ಮ ಅಂಗಾಲಿನ ಮೇಲೆ ಮಾತ್ರ ಗಮನವಿಡಿರಿ. ಏನು ಅನುಭವವಾಯಿತು? ಮೊದಲು ಅದು ಏಕೆ ತಿಳಿದಿರಲಿಲ್ಲ? ಗುಂಪಿನಲ್ಲಿ ಚರ್ಚಿಸಿರಿ.

• "ನಾನು ಎರಡು ಭಾಷೆಗಳ ನಡುವೆ ಸೇತುವೆಯಾದೆ." ಈ ಮಾತಿನ ಅರ್ಥವೇನು? ನೀವೂ ಯಾರಿಗಾದರೂ ಹೀಗೆ ಸಹಾಯ ಮಾಡಿದ್ದೀರಾ? ಅನುಭವ ಬರೆಯಿರಿ.

• ಅಪ್ಪ ಮಾಳಿಗೆಯಿಂದ ಇಳಿದು ಬಂದ ದಿನ ಹುಡುಗನು ಬರೆದಿರಬಹುದಾದ ದಿನಚರಿಯನ್ನು ತಯಾರಿಸಿರಿ.

• ಕೊರೋನಾ ಕಾಲದ ಅನುಭವಗಳನ್ನು ಮನೆಯ ಹಿರಿಯರಲ್ಲಿ ಕೇಳಿ ತಿಳಿಯಿರಿ. ಅವುಗಳನ್ನು ಸೇರಿಸಿ ತರಗತಿಯ ಕೈಬರಹ ಪತ್ರಿಕೆ ಹೊರತನ್ನಿರಿ.