ಮುಳುಗುಗಾರರ ಹಳೆಯ ಕೈಗಡಿಯಾರ

ಕೆಲವು ಕಾಲದ ಹಿಂದೆ ನಮ್ಮ ಭೌತಶಾಸ್ತ್ರದ ಪ್ರಯೋಗಶಾಲೆಗೆ ವಿದ್ಯಾರ್ಥಿಯೊಬ್ಬನು ಹಳೆಯ ಕೈಗಡಿಯಾರವೊಂದನ್ನು ತಂದನು. ಅದು 1960ರ ಸುಮಾರಿನಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತಯಾರಾದದ್ದು; ಸಮುದ್ರದಲ್ಲಿ ಮುಳುಗುವವರಿಗಾಗಿಯೇ ಮಾಡಿದ್ದು. ಮುಖಫಲಕದ ಮೇಲೆ ‘200 ಮೀಟರ್’ ಎಂದು ಅಚ್ಚಾಗಿತ್ತು. ಅಂಕೆಗಳಿಗೂ ಮುಳ್ಳುಗಳಿಗೂ ಬಳಿದಿದ್ದ ಲೇಪ ಹಳದಿಗಟ್ಟಿತ್ತು. ಕೂಡಿಟ್ಟ ಹಣವನ್ನೆಲ್ಲ ಕೊಟ್ಟು ಅದನ್ನು ಕೊಂಡಿದ್ದ ಹುಡುಗನಿಗೆ ಎರಡು ಆಲೋಚನೆಗಳಿದ್ದವು. ಬೇಸಗೆಯ ರಜೆಯಲ್ಲಿ ಅದನ್ನು ಕಟ್ಟಿಕೊಂಡೇ ಈಜಬೇಕೆಂಬುದು ಒಂದು. ಕತ್ತಲೆಯಲ್ಲಿ ಹೊಳೆಯದೆಹೋಗಿದ್ದ ಹಳೆಯ ಲೇಪವನ್ನು ಕೆರೆದು ತೆಗೆದು ಹೊಸದನ್ನು ಹಚ್ಚಬೇಕೆಂಬುದು ಇನ್ನೊಂದು.

ನಾವು ಗಡಿಯಾರವನ್ನು ಕತ್ತಲೆಕೋಣೆಗೆ ಒಯ್ದೆವು. ಎಷ್ಟು ಹೊತ್ತು ನೋಡಿದರೂ ಬೆಳಕಿನ ಸುಳಿವಿರಲಿಲ್ಲ. ಬಳಿಕ ಅದನ್ನು ಗೈಗರ್ ಎಣಿಕೆಯಂತ್ರದ ಕೊಳವೆಯ ಬಳಿ ಹಿಡಿದೆವು. ಅಲ್ಲಿಯ ತನಕ ಆಗೊಮ್ಮೆ ಈಗೊಮ್ಮೆ ಟಕ್ಕೆನ್ನುತ್ತಿದ್ದ ಯಂತ್ರವು ಅರಳು ಹುರಿದಂತೆ ಚಟಪಟಗುಟ್ಟತೊಡಗಿತು. ಹುಡುಗನು ಕೈಯನ್ನು ಹಿಂದಕ್ಕೆಳೆದುಕೊಂಡನು.

ಮುಳುಗುಗಾರರ ಹಳೆಯ ಗಡಿಯಾರಗಳನ್ನು ಸಂಗ್ರಹಿಸುವ, ಧರಿಸುವ ಹವ್ಯಾಸ ಇಂದು ಹಲವು ದೇಶಗಳಲ್ಲಿ ಹಬ್ಬಿದೆ. ಅವುಗಳ ಅಂದವನ್ನೂ ದೃಢತೆಯನ್ನೂ ಮೆಚ್ಚದವರು ವಿರಳ. ಆದರೆ ಅರುವತ್ತು ವರ್ಷ ಹಳೆಯದಾದ ಇಂತಹ ವಸ್ತುವಿನಲ್ಲಿ ಯಾವ ಭಾಗಕ್ಕೆ ಮುಪ್ಪಡರಿದೆ, ಯಾವುದಕ್ಕೆ ಅಡರಿಲ್ಲ ಎಂಬುದು ಬರಿಗಣ್ಣಿಗೆ ತಿಳಿಯುವ ಸಂಗತಿಯಲ್ಲ. ಅದನ್ನು ತಿಳಿಯಲು ಬೇಕಾದ ಭೌತಶಾಸ್ತ್ರವನ್ನು ಇಲ್ಲಿ ವಿಚಾರಮಾಡೋಣ.

ನೀರಿನಡಿಯಲ್ಲಿ ಗಡಿಯಾರವೇಕೆ?

ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 30 ಮೀಟರ್ ಆಳದಲ್ಲಿರುವವನ ಮೇಲಿನ ಒಟ್ಟು ಒತ್ತಡ, ಮೇಲಿನ ಗಾಳಿಯದೂ ಸೇರಿ, ನಾಲ್ಕು ವಾಯುಮಂಡಲ. ಅವನು ಉಸಿರಾಡುವ ಗಾಳಿಯೂ ಅಷ್ಟೇ ಒತ್ತಡದಲ್ಲಿರಬೇಕಾಗುತ್ತದೆ. ದ್ರವದಲ್ಲಿ ಕರಗುವ ಅನಿಲದ ಪ್ರಮಾಣವು ಒತ್ತಡಕ್ಕೆ ಅನುಗುಣವಾಗಿರುವುದೆಂಬ ಹೆನ್ರಿಯ ನಿಯಮ ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ಆದಕಾರಣ ಗಾಳಿಯಲ್ಲಿನ ಸಾರಜನಕವು ಮುಳುಗುಗಾರನ ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಹೊತ್ತು ಕಳೆದಂತೆ ಹೆಚ್ಚುಹೆಚ್ಚಾಗಿ ಕರಗುತ್ತದೆ. ಅವನು ಥಟ್ಟನೆ ಮೇಲಕ್ಕೆ ಬಂದರೆ, ಗೋಲಿಸೋಡಾದ ಗೋಲಿಯನ್ನು ಒತ್ತಿದಾಗ ನೊರೆಯೇಳುವಂತೆ, ಕರಗಿದ್ದ ಅನಿಲವು ಒಡಲೊಳಗೇ ಗುಳ್ಳೆಗಳಾಗಿ ಹೊರಡುತ್ತದೆ. ಕೀಲುನೋವು, ಪಾರ್ಶ್ವವಾಯು, ಕೆಲವೊಮ್ಮೆ ಮರಣವೂ ಇದರ ಫಲ.

ಹಂತಹಂತವಾಗಿ ಮೇಲೇರುವ ಕ್ರಮವನ್ನು ಬ್ರಿಟಿಷ್ ಶರೀರಶಾಸ್ತ್ರಜ್ಞ ಜೆ. ಎಸ್. ಹಾಲ್ಡೇನರು 1908ರಲ್ಲಿ ಪ್ರಕಟಿಸಿದರು. 1950ರ ದಶಕದ ಅಮೆರಿಕನ್ ನೌಕಾಪಡೆಯ ಕೋಷ್ಟಕದ ಪ್ರಕಾರ, 18 ಮೀಟರ್ ಆಳದಲ್ಲಿ 60 ನಿಮಿಷವಿದ್ದವನು ನಡುವೆ ನಿಲ್ಲದೆ ಮೇಲಕ್ಕೆ ಬರಬಹುದು. 30 ಮೀಟರ್ ಆಳದಲ್ಲಿ ಆ ಅವಧಿ 25 ನಿಮಿಷ ಮಾತ್ರ. ಹೀಗೆ ಆಳದಷ್ಟೇ ಕಾಲವೂ ಪ್ರಾಣದ ಪ್ರಶ್ನೆ.

1943ರಲ್ಲಿ ಫ್ರಾನ್ಸಿನ ಝಾಕ್ ಕೂಸ್ತೊ ಮತ್ತು ಎಮಿಲ್ ಗಾನ್ಯಾ ಎಂಬವರು ಬೆನ್ನಿಗೆ ಕಟ್ಟಿಕೊಳ್ಳುವ ಉಸಿರಾಟದ ಸಾಧನವನ್ನು ರಚಿಸಿದ ಬಳಿಕ ಮುಳುಗುಗಾರನು ಮೇಲಿನ ದೋಣಿಯ ಕೊಳವೆಯಿಂದ ಬಿಡುಗಡೆ ಹೊಂದಿದನು. ಆದರೆ ಹೊತ್ತು ನೋಡಿ ಎಚ್ಚರಿಸುವವರೂ ಇಲ್ಲದಾದರು. ಸ್ವಿಟ್ಜರ್ಲೆಂಡಿನ ಬ್ಲಾಂಕ್‌ಪ್ಯಾನ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಝಾನ್-ಝಾಕ್ ಫೀಷ್ಟರರು ಸ್ವತಃ ಮುಳುಗುಗಾರರು. ಒಮ್ಮೆ ನೀರಿನಡಿಯಲ್ಲಿ ಹೊತ್ತಿನ ಪರಿವೆ ತಪ್ಪಿ, ಗಾಳಿ ತೀರಿದಾಗ ಅವಸರದಿಂದ ಮೇಲೇರಬೇಕಾಯಿತೆಂದು ಅವರು ಹೇಳಿಕೊಂಡಿದ್ದರು. ಆ ಸಂಸ್ಥೆಯ ‘ಫಿಫ್ಟಿ ಫ್ಯಾದಮ್ಸ್’ ಗಡಿಯಾರ 1953ರಲ್ಲಿ ಹೊರಬಂದಿತು. ಐವತ್ತು ಫ್ಯಾದಂ ಎಂದರೆ ಸುಮಾರು 91 ಮೀಟರ್. ಫ್ರಾನ್ಸಿನ ನೌಕಾಪಡೆಯ ಮುಳುಗುಗಾರರಾದ ರೋಬೆರ್ ಮಲೂಬಿಯೇ ಮತ್ತು ಕ್ಲೋದ್ ರಿಫೋ ತಮಗೆ ಬೇಕೆಂದು ಬಯಸಿದ್ದ ಗುಣಗಳೂ ಇಂತಹವೇ: ಕಪ್ಪು ಮುಖಫಲಕ, ಕತ್ತಲೆಯಲ್ಲಿ ಹೊಳೆಯುವ ದೊಡ್ಡ ಗುರುತುಗಳು, ಅಂಚಿನಲ್ಲಿ ತಿರುಗುವ ಬಳೆ. ಅದೇ ಕಾಲದಲ್ಲಿ ರೋಲೆಕ್ಸ್ ಸಂಸ್ಥೆಯ ‘ಸಬ್‌ಮರಿನರ್’ ಬಂದಿತು. 1965ರಲ್ಲಿ ಜಪಾನಿನ ಸೈಕೊ ಸಂಸ್ಥೆ 150 ಮೀಟರ್ ಆಳದ ಗಡಿಯಾರವನ್ನು ಮಾಡಿತು.

ತಿರುಗುವ ಬಳೆಯ ಉಪಯೋಗ ಸರಳವಾದದ್ದು. ಮುಳುಗುವಾಗ ಬಳೆಯ ಸೊನ್ನೆಯನ್ನು ನಿಮಿಷದ ಮುಳ್ಳಿಗೆ ಸರಿಹೊಂದಿಸಿದರೆ, ಮುಂದೆ ಕಳೆದ ನಿಮಿಷಗಳನ್ನು ಬಳೆಯ ಮೇಲೆ ನೇರವಾಗಿ ಓದಬಹುದು. ಮೊದಲ ಕಾಲದ ಹಲವು ಗಡಿಯಾರಗಳಲ್ಲಿ ಬಳೆ ಎರಡು ಕಡೆಗೂ ತಿರುಗುತ್ತಿತ್ತು. ಅನಂತರ ಅದು ಎಡಕ್ಕೆ ಮಾತ್ರ ತಿರುಗುವಂತೆ ಮಾಡಿದರು. ಬಂಡೆಗೆ ತಗಲಿ ಬಳೆ ಸರಿದರೂ ಆಗ ಕಳೆದ ಕಾಲ ಹೆಚ್ಚಾಗಿ ಕಾಣುವುದೇ ಹೊರತು ಕಡಿಮೆಯಾಗಿ ಕಾಣದು. ಮುಳುಗುಗಾರನು ಬೇಗ ಮೇಲಕ್ಕೆ ಬಂದಾನು, ಅದರಿಂದ ಕೇಡಿಲ್ಲ.

ಲೋಹ ಗಟ್ಟಿ, ರಬ್ಬರು ದುರ್ಬಲ

‘200 ಮೀಟರ್’ ಎಂದರೆ ಎಷ್ಟು ಒತ್ತಡ? ಅಲ್ಲಿ ನೀರು ಪ್ರತಿ ಚದರ ಸೆಂಟಿಮೀಟರನ್ನು ಸುಮಾರು 20 ಕಿಲೋಗ್ರಾಮಿನ ಭಾರದಿಂದ ಅದುಮುತ್ತದೆ. ಗಡಿಯಾರದ ಗಾಜಿನ ವ್ಯಾಸ 3 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅದರ ಕ್ಷೇತ್ರಫಲ ಸುಮಾರು 7 ಚದರ ಸೆಂಟಿಮೀಟರ್. ಅದರ ಮೇಲಿನ ಭಾರ 140 ಕಿಲೋಗ್ರಾಂ, ಅಂದರೆ ಇಬ್ಬರು ದೊಡ್ಡವರ ತೂಕ. ದಪ್ಪ ಗಾಜಿಗೂ ಉಕ್ಕಿನ ಕವಚಕ್ಕೂ ಇದು ಅಸಾಧ್ಯವೇನಲ್ಲ. 1960ರ ಜನವರಿ 23ರಂದು ‘ತ್ರಿಯೆಸ್ತೆ’ ನೌಕೆ ಶಾಂತಸಾಗರದ ಮರಿಯಾನಾ ಕಮರಿಯಲ್ಲಿ ಸುಮಾರು 10,900 ಮೀಟರ್ ಆಳಕ್ಕೆ ಇಳಿದಾಗ, ಅದರ ಹೊರಮೈಗೆ ಕಟ್ಟಿದ್ದ ವಿಶೇಷ ರಚನೆಯ ರೋಲೆಕ್ಸ್ ಗಡಿಯಾರವೊಂದು ನಡೆಯುತ್ತಲೇ ಮೇಲಕ್ಕೆ ಬಂದಿತು.

ತೊಂದರೆಯಿರುವುದು ಸಂದುಗಳಲ್ಲಿ. ಗಾಜು ಕವಚಕ್ಕೆ ಸೇರುವಲ್ಲಿ, ಹಿಂಬದಿಯ ಮುಚ್ಚಳದ ಸುತ್ತ, ಕೀಲಿ ಕೊಡುವ ಗುಂಡಿಯ ದಂಡ ಒಳಹೊಗುವಲ್ಲಿ, ಹೀಗೆ ಮೂರು ಕಡೆಗಳಲ್ಲಿ ನೀರು ನುಸುಳಲು ದಾರಿಯಿದೆ. ಗುಂಡಿಯನ್ನು ತಿರುಪಿನಿಂದ ಬಿಗಿಯುವ ಉಪಾಯ 1926ರ ರೋಲೆಕ್ಸ್ ‘ಆಯ್ಸ್ಟರ್’ ಗಡಿಯಾರದಲ್ಲಿಯೇ ಇತ್ತು. 1927ರ ಅಕ್ಟೋಬರಿನಲ್ಲಿ ಮರ್ಸಿಡೀಸ್ ಗ್ಲೀಟ್ಸ್ ಎಂಬ ಈಜುಗಾರ್ತಿ ಇಂಗ್ಲಿಷ್ ಕಡಲ್ಗಾಲುವೆಯ ಕೊರೆಯುವ ನೀರಿನಲ್ಲಿ ಗಂಟೆಗಟ್ಟಲೆ ಈಜಿದಾಗ ಆಕೆಯೊಂದಿಗಿದ್ದ ಆ ಗಡಿಯಾರ ನಿಲ್ಲಲಿಲ್ಲ. 1950ರ ದಶಕದಲ್ಲಿ ಎರ್ವಿನ್ ಪಿಕೆರೆಜ್ ಸಂಸ್ಥೆಯು ನೀರಿನ ಒತ್ತಡ ಹೆಚ್ಚಿದಷ್ಟೂ ಮುಚ್ಚಳ ಹೆಚ್ಚು ಬಿಗಿಯಾಗುವ ‘ಕಂಪ್ರೆಸರ್’ ಕವಚಗಳನ್ನು ಹಲವು ಗಡಿಯಾರ ಸಂಸ್ಥೆಗಳಿಗೆ ಒದಗಿಸಿತು. ಆದರೆ ತಿರುಪಾಗಲಿ ಕಂಪ್ರೆಸರಾಗಲಿ ಕೊನೆಗೆ ನಂಬಿದ್ದು ಒಂದು ತೆಳ್ಳನೆಯ ರಬ್ಬರ್ ಬಳೆಯನ್ನು.

ರಬ್ಬರು ನೀರನ್ನು ತಡೆಯುವುದು ತನ್ನ ಸ್ಥಿತಿಸ್ಥಾಪಕತ್ವದಿಂದ. ಅದುಮಿದ ರಬ್ಬರು ಮೊದಲಿನ ಆಕಾರಕ್ಕೆ ಮರಳಲೆಳಸುತ್ತ ಎರಡು ಲೋಹಗಳನ್ನೂ ಒತ್ತಿಕೊಂಡಿರುತ್ತದೆ. ಆ ಎಳಸಿಕೆ ಇರುವ ತನಕ ಸಂದಿಲ್ಲ. ಆದರೆ ಗಾಳಿಯ ಆಮ್ಲಜನಕ, ಬೆವರು, ಬಿಸಿಲಿನ ಕಾವು ಇವು ರಬ್ಬರಿನ ಉದ್ದನೆಯ ಅಣುಸರಪಣಿಗಳನ್ನು ವರ್ಷವರ್ಷವೂ ಕೆಡಿಸುತ್ತವೆ. ಮೇಜಿನ ಖಾನೆಯಲ್ಲಿ ಮರೆತುಹೋದ ರಬ್ಬರ್ ಪಟ್ಟಿ ಎಳೆದೊಡನೆ ತುಂಡಾಗುವುದನ್ನು ಎಲ್ಲರೂ ಕಂಡಿದ್ದಾರೆ. ಗಡಿಯಾರದ ಬಳೆಯ ಗತಿಯೂ ಅದೇ. ಅದು ಚಪ್ಪಟೆಯಾಗಿ, ಗಡುಸಾಗಿ, ಅದುಮಿದ ಆಕಾರದಲ್ಲಿಯೇ ಉಳಿದುಬಿಡುತ್ತದೆ. ಹೊರಗಿನ ಉಕ್ಕು ಮಾತ್ರ ಹೊಸತರಂತೆ ಥಳಥಳಿಸುತ್ತಿರುತ್ತದೆ.

ಈಜುವಾಗ ಕೈ ಬೀಸುವುದರಿಂದ ಒತ್ತಡ ಬಹಳ ಹೆಚ್ಚಿ ನೀರು ಒಳನುಗ್ಗುತ್ತದೆಂಬ ನಂಬಿಕೆಯೊಂದಿದೆ. ಲೆಕ್ಕ ಮಾಡಿ ನೋಡೋಣ. ವೇಗದಿಂದ ಉಂಟಾಗುವ ಒತ್ತಡವು ದ್ರವದ ಸಾಂದ್ರತೆಯನ್ನು ವೇಗದ ವರ್ಗದಿಂದ ಗುಣಿಸಿದ ಮೊತ್ತದ ಅರ್ಧ. ಕೈಯ ವೇಗ ಸೆಕೆಂಡಿಗೆ 3 ಮೀಟರ್ ಆದರೆ ಅದು 4,500 ಪಾಸ್ಕಲ್; ಅರ್ಧ ಮೀಟರ್ ನೀರಿಗೂ ಕಡಿಮೆ. ಆದುದರಿಂದ ತಪ್ಪು ಕೈಯದಲ್ಲ, ಬಳೆಯದು.

ಕಾವಿನ ಲೆಕ್ಕ ಇನ್ನೂ ಕುತೂಹಲಕರವಾದದ್ದು. ಬಿಸಿಲಿನಲ್ಲಿ 40 ಡಿಗ್ರಿಗೆ ಕಾದ ಗಡಿಯಾರವನ್ನು ಕಟ್ಟಿಕೊಂಡು 20 ಡಿಗ್ರಿಯ ಕೆರೆಯ ನೀರಿಗೆ ಧುಮುಕಿದಿರಿ ಎಂದಿಟ್ಟುಕೊಳ್ಳಿ. ಒಳಗಿನ ಗಾಳಿಯ ನಿರಪೇಕ್ಷ ಉಷ್ಣತೆ 313ರಿಂದ 293ಕ್ಕೆ ಇಳಿಯುತ್ತದೆ. ಒತ್ತಡವೂ ಅದೇ ಪ್ರಮಾಣದಲ್ಲಿ, ನೂರಕ್ಕೆ ಆರಕ್ಕಿಂತ ತುಸು ಹೆಚ್ಚಾಗಿ, ತಗ್ಗುತ್ತದೆ. ಇದು 60 ಸೆಂಟಿಮೀಟರಿಗೂ ಮಿಕ್ಕಿದ ನೀರಿನ ಒತ್ತಡಕ್ಕೆ ಸಮ. ಗಡಿಯಾರವು ತಾನೇ ನೀರನ್ನು ಹೀರಿಕೊಳ್ಳಲು ಯತ್ನಿಸುತ್ತದೆ. ಮುಪ್ಪಾದ ಬಳೆಗೆ ಕೆರೆಯ ಮೇಲ್ಮೈಯೇ ಸಾಕು. 200 ಮೀಟರಿನ ಆಳ ಬೇಕಿಲ್ಲ.

ಒಳಗೆ ತೇವವಿದೆಯೇ ಎಂದು ಅರಿಯಲು ಮುಳುಗು ಗಡಿಯಾರಗಳ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 6425ರಲ್ಲಿ ಸೊಗಸಾದ ಪರೀಕ್ಷೆಯೊಂದುಂಟು. ಗಡಿಯಾರವನ್ನು 40ರಿಂದ 45 ಡಿಗ್ರಿಯವರೆಗೆ ಬೆಚ್ಚಗೆ ಮಾಡಿ, ಗಾಜಿನ ಮೇಲೆ ತಣ್ಣೀರಿನ ಹನಿಯನ್ನಿಟ್ಟು, ಒಂದು ನಿಮಿಷದ ಬಳಿಕ ಒರೆಸುತ್ತಾರೆ. ಗಾಜಿನ ಒಳಮೈಯಲ್ಲಿ ಮಂಜು ಕಟ್ಟಿದ್ದರೆ ಒಳಗೆ ನೀರಾವಿ ಇದೆಯೆಂದು ತಾತ್ಪರ್ಯ. ಆಳವನ್ನು ಘೋಷಿಸುವ ಮೊದಲು ಅದಕ್ಕಿಂತ ನೂರಕ್ಕೆ 25ರಷ್ಟು ಹೆಚ್ಚಿನ ಒತ್ತಡದಲ್ಲಿಯೂ ಪರೀಕ್ಷಿಸಬೇಕೆಂದು ಅದೇ ಮಾನಕ ವಿಧಿಸುತ್ತದೆ. ಆದರೆ ಅದು ಕಾರ್ಖಾನೆಯನ್ನು ಬಿಟ್ಟ ದಿನದ ಸಾಕ್ಷ್ಯ, ಇಂದಿನದಲ್ಲ.

ಆರಿದ ಬೆಳಕು, ಆರದ ರೇಡಿಯಂ

ಇನ್ನು ಹಳದಿಗಟ್ಟಿದ ಲೇಪದ ವಿಷಯ. ವಾಹನಗಳ ಹಿಂಬದಿಗೆ ಅಂಟಿಸುವ ಹೊಳಪಿನ ಪಟ್ಟಿಯನ್ನು ನಮ್ಮಲ್ಲಿ ‘ರೇಡಿಯಂ’ ಎನ್ನುವುದು ವಾಡಿಕೆ. ಅದರಲ್ಲಿ ರೇಡಿಯಮ್ಮಿನ ಲವಲೇಶವೂ ಇಲ್ಲ. ಅದು ಬಿದ್ದ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಅಷ್ಟೆ. ಆದರೆ 1960ರ ದಶಕಕ್ಕಿಂತ ಹಿಂದಿನ ಮುಳುಗು ಗಡಿಯಾರಗಳ ಲೇಪದಲ್ಲಿದ್ದುದು ಬಹುಮಟ್ಟಿಗೆ ನಿಜವಾದ ರೇಡಿಯಮ್ಮೇ. ಅದರ ಲವಣವನ್ನು ಸತುವಿನ ಸಲ್ಫೈಡಿನೊಂದಿಗೆ ಬೆರೆಸುತ್ತಿದ್ದರು. ರೇಡಿಯಮ್ಮಿನಿಂದ ಹೊರಟ ಆಲ್ಫಾ ಕಣವು ಸಲ್ಫೈಡಿನ ಹರಳಿಗೆ ಬಡಿದಾಗಲೆಲ್ಲ ಒಂದು ಕಿರುಮಿಂಚು. ಅಂತಹ ಅಸಂಖ್ಯ ಮಿಂಚುಗಳೇ ಕೂಡಿ ಕತ್ತಲೆಯಲ್ಲಿ ಎಡೆಬಿಡದ ಬೆಳಕಾಗುತ್ತಿದ್ದವು.

ಆದರೆ ಬಡಿತ ತಿಂದ ಹರಳು ಕ್ರಮೇಣ ಕೆಡುತ್ತದೆ. ಕೆಲವು ವರ್ಷಗಳಲ್ಲಿ ಬೆಳಕು ಕ್ಷೀಣಿಸುತ್ತದೆ. ರೇಡಿಯಮ್ಮಿನ ಅರ್ಧಾಯುವಾದರೋ ಸುಮಾರು 1,600 ವರ್ಷ. ಅರುವತ್ತು ವರ್ಷಗಳ ಬಳಿಕವೂ ಅದರಲ್ಲಿ ನೂರಕ್ಕೆ 97ಕ್ಕಿಂತ ಹೆಚ್ಚು ಭಾಗ ಉಳಿದಿರುತ್ತದೆ. ದೀಪ ಆರಿದೆ, ಬೆಂಕಿ ಆರಿಲ್ಲ. ನಮ್ಮ ಎಣಿಕೆಯಂತ್ರ ಚಟಪಟಗುಟ್ಟಿದ್ದರ ಅರ್ಥ ಇದು.

ಈ ಲೇಪದ ಚರಿತ್ರೆಯಲ್ಲಿ ಮರೆಯಲಾಗದ ಅಧ್ಯಾಯವೊಂದಿದೆ. 1917ರ ಬಳಿಕ ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಎಂಬ ಊರಿನ ಕಾರ್ಖಾನೆಯಲ್ಲಿ ತರುಣಿಯರು ಗಡಿಯಾರದ ಫಲಕಗಳಿಗೆ ರೇಡಿಯಂ ಬಳಿಯುತ್ತಿದ್ದರು. ಕುಂಚದ ತುದಿ ಮೊನಚಾಗಲೆಂದು ಅದನ್ನು ತುಟಿಗಳ ನಡುವೆ ತೀಡುತ್ತಿದ್ದರು. ರಾಸಾಯನಿಕ ಗುಣದಲ್ಲಿ ರೇಡಿಯಮ್ಮು ಸುಣ್ಣದ ಮೂಲವಾದ ಕ್ಯಾಲ್ಸಿಯಮ್ಮನ್ನು ಹೋಲುವುದರಿಂದ ಹೊಟ್ಟೆಗೆ ಹೋದ ಅದು ಎಲುಬಿನಲ್ಲಿ ನೆಲೆಸಿ, ಒಳಗಿನಿಂದಲೇ ಆಲ್ಫಾ ಕಣಗಳನ್ನು ಸೂಸಿತು. ಹಲವರ ದವಡೆಯ ಎಲುಬು ಕೊಳೆಯಿತು; ಅನೇಕರು ಸತ್ತರು. 1927ರಲ್ಲಿ ಗ್ರೇಸ್ ಫ್ರೈಯರ್ ಮತ್ತು ಇತರ ನಾಲ್ವರು ಹೂಡಿದ ದಾವೆ 1928ರಲ್ಲಿ ರಾಜಿಯಲ್ಲಿ ಮುಗಿಯಿತು. ದುಡಿಮೆಗಾರರ ರಕ್ಷಣೆಯ ಚರಿತ್ರೆಯಲ್ಲಿ ಅದೊಂದು ಮೈಲಿಗಲ್ಲು.

1960ರ ದಶಕದಲ್ಲಿ ರೇಡಿಯಮ್ಮಿನ ಬದಲು ಟ್ರಿಷಿಯಂ ಬಳಕೆಗೆ ಬಂದಿತು. ಇದು ಹೊರಸೂಸುವ ದುರ್ಬಲ ಬೀಟಾ ಕಣಗಳನ್ನು ಗಡಿಯಾರದ ಗಾಜೇ ತಡೆಯಬಲ್ಲುದು. ಇದರ ಅರ್ಧಾಯು 12.3 ವರ್ಷ, ಅರುವತ್ತು ವರ್ಷಗಳಲ್ಲಿ ನೂರಕ್ಕೆ ಮೂರರಷ್ಟು ಮಾತ್ರ ಮಿಕ್ಕಿರುತ್ತದೆ. ಇಂತಹ ಅನೇಕ ಗಡಿಯಾರಗಳ ಫಲಕದ ಕೆಳಅಂಚಿನಲ್ಲಿ ‘ಟಿ’ ಅಕ್ಷರವಿರುತ್ತದೆ. 1993ರಲ್ಲಿ ಜಪಾನಿನಲ್ಲಿ ಸಿದ್ಧವಾದ ಸ್ಟ್ರಾನ್ಷಿಯಂ ಅಲ್ಯೂಮಿನೇಟಿನ ಲೇಪದಲ್ಲಿ ವಿಕಿರಣವೇ ಇಲ್ಲ. ಅದು ಹಗಲು ಹೀರಿದ ಬೆಳಕನ್ನು ಇರುಳು ಮೆಲ್ಲಮೆಲ್ಲನೆ ಬಿಡುತ್ತದೆ.

ಧರಿಸುವವರಿಗೆ

ಹಾಗಾದರೆ ಹಳೆಯ ಮುಳುಗು ಗಡಿಯಾರವನ್ನು ಧರಿಸಲೇಬಾರದೆ? ಹಾಗೇನಿಲ್ಲ. ಗಾಜೂ ಮುಚ್ಚಳವೂ ಭದ್ರವಾಗಿರುವ ತನಕ ಆಲ್ಫಾ ಕಣಗಳು ಹೊರಗೆ ಬರಲಾರವು. ತುಸು ಗಾಮಾ ಕಿರಣ ಮಾತ್ರ ಬರುತ್ತದೆ. ಆದರೂ ರೇಡಿಯಂ ಲೇಪದ್ದನ್ನು ಹಗಲಿರುಳು ಕಟ್ಟಿಕೊಂಡಿರುವುದು ಯುಕ್ತವಲ್ಲ. ನಿಜವಾದ ಅಪಾಯವಿರುವುದು ಲೇಪದ ಧೂಳಿನಲ್ಲಿ. ಕೆರೆದರೆ ಕಣ್ಣಿಗೆ ಕಾಣದ ಪುಡಿ ಉಗುರಿನ ಸಂದಿಗೂ ಶ್ವಾಸಕೋಶಕ್ಕೂ ಸೇರೀತು. ಆದಕಾರಣ ಅಂತಹ ಗಡಿಯಾರವನ್ನು ಮನೆಯಲ್ಲಿ ತೆರೆಯಲೇಕೂಡದು. ರಿಪೇರಿಯವನಿಗೆ ಕೊಡುವಾಗಲೂ ‘ಇದರಲ್ಲಿ ರೇಡಿಯಂ ಇದೆ’ ಎಂದು ಮೊದಲೇ ತಿಳಿಸಬೇಕು. ರೇಡಿಯಮ್ಮಿನಿಂದ ರೇಡಾನ್ ಅನಿಲ ಸದಾ ಹುಟ್ಟುತ್ತಿರುವುದರಿಂದ, ಹಲವು ಗಡಿಯಾರಗಳಿರುವವರು ಅವನ್ನು ಮಲಗುವ ಕೋಣೆಯಲ್ಲಿಡದೆ ಗಾಳಿಯಾಡುವೆಡೆಯಲ್ಲಿಡಬೇಕು. ‘ಟಿ’ ಗುರುತಿಲ್ಲದ, 1960ರ ಆಸುಪಾಸಿನ ಗಡಿಯಾರದಲ್ಲಿ ರೇಡಿಯಂ ಇದೆಯೆಂದೇ ಭಾವಿಸುವುದು ವಿವೇಕ.

ನೀರಿನ ವಿಷಯದಲ್ಲಿ ನಿಯಮ ಇನ್ನೂ ಸುಲಭ. ಬಳೆಗಳನ್ನು ಹೊಸದಾಗಿ ಹಾಕಿಸಿ, ಒತ್ತಡದ ಯಂತ್ರದಲ್ಲಿ ಪರೀಕ್ಷೆ ಮಾಡಿಸದ ಹೊರತು ಫಲಕದ ಮೇಲಿನ ಅಂಕಿಯನ್ನು ನಂಬಬಾರದು. ಪರೀಕ್ಷೆಯಲ್ಲಿ ಗೆದ್ದರೂ ಹಳೆಯ ಗಡಿಯಾರವನ್ನು ಒಣಗೈಯಲ್ಲಿ ಧರಿಸುವುದೇ ಲೇಸು. ಒಂದು ತೊಟ್ಟು ನೀರು ಫಲಕವನ್ನೂ ಯಂತ್ರವನ್ನೂ ಕೆಡಿಸಿತೆಂದರೆ ಹಾಗೆಯೇ ಉಳಿದುಬಂದ ಇನ್ನೊಂದನ್ನು ಎಲ್ಲಿಂದ ತರೋಣ?

ನಮ್ಮ ವಿದ್ಯಾರ್ಥಿಯು ಲೇಪವನ್ನು ಕೆರೆಯಲಿಲ್ಲ, ಗಡಿಯಾರವನ್ನು ಕಟ್ಟಿಕೊಂಡು ಈಜಲೂ ಇಲ್ಲ. ಗಡಿಯಾರದ ಪೆಟ್ಟಿಗೆಯೊಳಗೆ ಒಂದು ಚೀಟಿಯನ್ನು ಬರೆದಿಟ್ಟನು: ‘ರೇಡಿಯಂ ಇದೆ, ತೆರೆಯಬಾರದು, ನೀರಿಗೆ ಒಯ್ಯಬಾರದು.’ ಇದು ಯಾರಿಗಾಗಿ ಎಂದು ನಾವು ಕೇಳಿದಾಗ, ಮುಂದೆ ಇದನ್ನು ಕೊಳ್ಳುವವರಿಗಾಗಿ ಎಂದನು. 1,600 ವರ್ಷಗಳ ಅರ್ಧಾಯುವಿನ ಪಾಠವನ್ನು ಅವನು ಚೆನ್ನಾಗಿ ಅರಿತಿದ್ದನು.