ಮುದಿ ಬೆಕ್ಕಿನ ಸಿಹಿಮೂತ್ರ ರೋಗ ಮತ್ತು ಅದರ ಜೊತೆಯ ರೋಗಗಳು

ಅಡಿಕೆ, ತೆಂಗು, ಭತ್ತ ಇರುವ ನಮ್ಮ ಕಾಸರಗೋಡಿನ ಕಡೆ ಬೆಕ್ಕಿಲ್ಲದ ಮನೆ ಅಪೂರ್ವ. ಅಟ್ಟದ ಅಡಿಕೆಗೂ ಪತ್ತಾಯದ ಭತ್ತಕ್ಕೂ ಅದೇ ಕಾವಲು. ಆದರೂ ದನಕ್ಕೆ ಕೆಚ್ಚಲು ಬಾವು ಬಂದರೆ ಅಂದೇ ಮೃಗಾಸ್ಪತ್ರೆಗೆ ಓಡುವ ಕೃಷಿಕರು, ಬೆಕ್ಕು ಬಡಕಲಾದರೆ "ಪ್ರಾಯ ಆಯಿತು" ಎಂದು ಬಿಟ್ಟುಬಿಡುವುದುಂಟು. ಹತ್ತು ವರ್ಷ ದಾಟಿದ ಬೆಕ್ಕು ಸೊರಗಿದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಎಷ್ಟೋ ಸಲ ಎರಡು ಮೂರು ಕಾರಣಗಳು ಒಟ್ಟಾಗಿರುತ್ತವೆ. ಅವುಗಳಲ್ಲಿ ಸಿಹಿಮೂತ್ರ ರೋಗವೂ ಸೇರಿದ್ದರೆ ಮನೆಯವರು ಮಾಡಬೇಕಾದ್ದೇನು ಎಂಬುದನ್ನು ಈ ವಾರ ವಿಚಾರ ಮಾಡೋಣ.

ಮನುಷ್ಯರಲ್ಲಿ ಸಕ್ಕರೆ ಕಾಯಿಲೆ ಎನ್ನುವುದೂ ಇದನ್ನೇ. ಜಠರದ ಬಳಿಯಲ್ಲಿರುವ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಆ ರಸ ಸಾಲದಿದ್ದರೆ, ಅಥವಾ ಇದ್ದೂ ಕೆಲಸ ಮಾಡದಿದ್ದರೆ, ರಕ್ತದಲ್ಲಿರುವ ಸಕ್ಕರೆ ಮಾಂಸಖಂಡಗಳಿಗೆ ಸಲ್ಲದೆ ಮೂತ್ರದಲ್ಲಿ ಹರಿದುಹೋಗುತ್ತದೆ. 1889ರಲ್ಲಿ ಸ್ಟ್ರಾಸ್‌ಬರ್ಗಿನ ಇಬ್ಬರು ವೈದ್ಯರು ನಾಯಿಯೊಂದರ ಈ ಗ್ರಂಥಿಯನ್ನು ತೆಗೆದುಹಾಕಲು ಅದಕ್ಕೆ ಸಿಹಿಮೂತ್ರ ಹತ್ತಿತು. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಆ ರಸವನ್ನು ಬೇರ್ಪಡಿಸಿ ನಾಯಿಗಳ ಮೇಲೆ ಪರೀಕ್ಷಿಸಿದರು. ಮರುವರ್ಷ ಅದು ಮನುಷ್ಯರಿಗೆ ಔಷಧವಾಯಿತು. ಮೂಕಪ್ರಾಣಿಗಳಿಂದ ನಮಗೆ ದೊರೆತ ಔಷಧವನ್ನು ಮೂಕಪ್ರಾಣಿಗೂ ಕೊಡುವುದು ನ್ಯಾಯವೇ ಸರಿ.

ಬೆಕ್ಕಿನ ಶರೀರ ಮಾಂಸಾಹಾರಕ್ಕಾಗಿ ರೂಪುಗೊಂಡದ್ದು. ಬೀಜ ಒಡೆದು ಬೊಜ್ಜು ಬಂದ ಗಂಡುಬೆಕ್ಕುಗಳಿಗೆ, ಓಡಾಟ ಕಡಿಮೆಯಾದವಕ್ಕೆ ಈ ರೋಗ ಹೆಚ್ಚು. ಕಜ್ಜಿ ತುರಿಕೆಗೆಂದು ಸ್ಟೀರಾಯ್ಡ್ ಚುಚ್ಚುಮದ್ದು ಪಡೆದ ಬೆಕ್ಕುಗಳಲ್ಲಿಯೂ ಕಾಣಿಸಿಕೊಳ್ಳುವುದುಂಟು. ಹಿಂದೆ ಅಂಥ ಮದ್ದು ಕೊಡಿಸಿದ್ದರೆ ಡಾಕ್ಟರರಿಗೆ ಮರೆಯದೆ ಹೇಳಬೇಕು.

ಲಕ್ಷಣಗಳು ಹೀಗಿವೆ: ನೀರು ಹೆಚ್ಚು ಕುಡಿಯುವುದು, ಮೂತ್ರ ಹೆಚ್ಚು ಹೊಯ್ಯುವುದು, ಹೊಟ್ಟೆತುಂಬ ತಿಂದರೂ ಬಡವಾಗುವುದು. ರೋಗ ಹಳತಾದರೆ ನರಗಳು ದುರ್ಬಲವಾಗಿ, ಬೆಕ್ಕು ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯುತ್ತದೆ; ಅಟ್ಟಕ್ಕೆ ಹಾರಲಾರದು. ಮೂತ್ರಕ್ಕೆ ಇರುವೆ ಮುತ್ತುವುದು ಮಧುಮೇಹದ ಗುರುತೆಂದು ನಮ್ಮ ಹಳೆಯ ಆಯುರ್ವೇದ ವೈದ್ಯರು ಬಲ್ಲರು. ಬೆಕ್ಕು ಮಣ್ಣು ಮುಚ್ಚಿ ಹೋಗುವುದರಿಂದ ಇದು ಕಣ್ಣಿಗೆ ಬೀಳುವುದು ಕಡಿಮೆ. ಆದುದರಿಂದ ಒಂದು ಅಗಲ ತಟ್ಟೆಯಲ್ಲಿ ಒಣ ಮರಳು ಹಾಕಿ ಕೋಣೆಯ ಮೂಲೆಯಲ್ಲಿಡಿ. ಒದ್ದೆಯಾದ ಮರಳಿನ ಗಟ್ಟಿ ಎಷ್ಟು ದೊಡ್ಡದು, ದಿನಕ್ಕೆ ಎಷ್ಟು ಸಲ ಎಂಬುದು ತಿಳಿಯುತ್ತದೆ.

ಇನ್ನು ನೀರಿನ ಲೆಕ್ಕ. ಬೆಕ್ಕನ್ನು ಒಂದು ದಿನ ಕೋಣೆಯಲ್ಲಿಟ್ಟು, ಅಳೆದ ನೀರು ಕೊಟ್ಟು, ಮರುದಿನ ಅದೇ ಹೊತ್ತಿಗೆ ಉಳಿದುದನ್ನು ಅಳೆಯಿರಿ. ಹೊರಗೆ ಬಿಟ್ಟರೆ ಬಚ್ಚಲಿನಲ್ಲಿಯೂ ಹಟ್ಟಿಯಲ್ಲಿಯೂ ಕುಡಿದು ನಮ್ಮ ಲೆಕ್ಕ ಕೆಡಿಸುತ್ತದೆ. 4 ಕಿಲೋ ತೂಕದ ಬೆಕ್ಕು ದಿನಕ್ಕೆ ಸಾಮಾನ್ಯವಾಗಿ 200 ಮಿಲಿಲೀಟರ್ ದಾಟುವುದಿಲ್ಲ. 400 ದಾಟಿದರೆ ರೋಗವಿದೆಯೆಂದೇ ತಿಳಿಯತಕ್ಕದ್ದು. ತೂಕವನ್ನು ಅಡಿಕೆ ತೂಗುವ ತಕ್ಕಡಿಗೆ ಬುಟ್ಟಿ ಕಟ್ಟಿ ವಾರಕ್ಕೊಮ್ಮೆ ನೋಡಿ ಬರೆದಿಡಿ.

ಇಲ್ಲಿ ಒಂದು ತೊಡಕುಂಟು. ನೀರು ಕುಡಿಯುವುದು, ಮೂತ್ರ ಹೆಚ್ಚುವುದು, ಬಡವಾಗುವುದು, ಈ ಮೂರೂ ಮೂತ್ರಪಿಂಡ ಸೋತಾಗಲೂ ಕಾಣುತ್ತವೆ. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದಾಗಲೂ ಕಾಣುತ್ತವೆ. ಮುದಿ ಬೆಕ್ಕಿಗೆ ಇವೆರಡೂ ಸಾಮಾನ್ಯ. ಹೀಗಾಗಿ ಸಕ್ಕರೆಯೊಂದನ್ನೇ ನೋಡಿ ಮದ್ದು ಆರಂಭಿಸುವುದು ಸರಿಯಲ್ಲ. ಅಲ್ಲದೆ ರಿಕ್ಷಾದಲ್ಲಿ ಕೂಗಾಡುತ್ತ ಬಂದ ಬೆಕ್ಕಿನ ರಕ್ತದಲ್ಲಿ ಬರೇ ಹೆದರಿಕೆಯಿಂದಲೇ ಸಕ್ಕರೆ 250, 300ಕ್ಕೆ ಏರುವುದುಂಟು. ಮೂತ್ರದಲ್ಲಿಯೂ ಸಕ್ಕರೆ ಇದೆಯೇ ಎಂದು ನೋಡಬೇಕು, ಅಥವಾ ಹಿಂದಿನ ಒಂದೆರಡು ವಾರದ ಸಕ್ಕರೆಯ ಮಟ್ಟ ತಿಳಿಸುವ ಫ್ರಕ್ಟೊಸಮೈನ್ ಪರೀಕ್ಷೆ ಮಾಡಿಸಬೇಕು. ಜೊತೆಗೆ ಮೂತ್ರಪಿಂಡದ ಕ್ರಿಯೇಟಿನಿನ್, ಥೈರಾಯ್ಡ್, ಮೂತ್ರದ ಸೋಂಕು, ಬಾಯಿ ಹಲ್ಲು, ಇಷ್ಟನ್ನು ಒಂದೇ ಸಲಕ್ಕೆ ನೋಡಿಸಿದರೆ ಬೆಕ್ಕಿಗೂ ಕಷ್ಟ ಕಡಿಮೆ, ಮನೆಯವರಿಗೂ ಓಡಾಟ ಕಡಿಮೆ. ಡಾಕ್ಟರರು ಮಲೆಯಾಳದಲ್ಲಿ ಹೇಳಿದ್ದನ್ನು ಅಲ್ಲಿಯೇ ಕನ್ನಡದಲ್ಲಿ ಬರೆದುಕೊಂಡು, ಪ್ರಮಾಣವನ್ನು ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಳ್ಳುವುದು ಒಳ್ಳೆಯದು.

ನಮ್ಮ ಮನೆಯ ಕಪ್ಪು ಗಂಡುಬೆಕ್ಕಿಗೆ ಹದಿಮೂರನೆಯ ವರ್ಷದಲ್ಲಿ ಸಿಹಿಮೂತ್ರ, ಸೋತ ಮೂತ್ರಪಿಂಡ, ಕೀವು ತುಂಬಿದ ಎರಡು ಹಲ್ಲು, ಮೂರೂ ಒಮ್ಮೆಗೇ ಪತ್ತೆಯಾದುವು. ಮೂರು ರೋಗಕ್ಕೆ ಮೂರು ಚೀಟಿ ಬಂದೀತೆಂದು ನಾವು ಎಣಿಸಿದ್ದೆವು. ಡಾಕ್ಟರರು ಹೇಳಿದ್ದು ಒಂದು ಅನುಕ್ರಮವನ್ನು: ಮೊದಲು ಬೆಕ್ಕು ತಿನ್ನಬೇಕು, ಮೈಯ ನೀರು ಆರಬಾರದು; ಆಮೇಲೆ ಸಕ್ಕರೆ ನಿಧಾನವಾಗಿ ಇಳಿಯಲಿ; ತುಸು ಚೇತರಿಸಿದ ಮೇಲೆ ಹಲ್ಲು ಕೀಳೋಣ. ಇಂಥ ಬೆಕ್ಕಿನ ಶುಶ್ರೂಷೆಯೆಲ್ಲ ಈ ಅನುಕ್ರಮದಲ್ಲಿ ಅಡಗಿದೆ. ಸಕ್ಕರೆ ಸ್ವಲ್ಪ ಹೆಚ್ಚಿದ್ದ ಮಾತ್ರಕ್ಕೆ ಬೆಕ್ಕು ಈ ಹೊತ್ತು ಸಾಯದು. ತೀರ ಇಳಿದರೆ ಈ ಹೊತ್ತೇ ಸಾಯಬಹುದು. ಅದರಲ್ಲೂ ಮೂತ್ರಪಿಂಡ ಸೋತಿದ್ದರೆ ಚುಚ್ಚಿದ ಇನ್ಸುಲಿನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ಇಳಿಯುವ ಭಯ ಹೆಚ್ಚು.

ಊಟದ ವಿಷಯಕ್ಕೆ ಬರೋಣ. ಸಿಹಿಮೂತ್ರಕ್ಕೆ ಅನ್ನ ಕಡಿಮೆ, ಮಾಂಸ ಹೆಚ್ಚು ಬೇಕು. ಮೂತ್ರಪಿಂಡಕ್ಕೆ ರಂಜಕದ ಅಂಶ ಕಡಿಮೆ ಇರಬೇಕು. ಮಾಂಸ, ಮೀನು, ಎಲುಬುಗಳಲ್ಲಿಯೋ ರಂಜಕ ಧಾರಾಳ. ಹಗ್ಗ ಎರಡು ಕಡೆಗೆ ಎಳೆಯುತ್ತದೆ. ಮೂತ್ರಪಿಂಡದ ರೋಗಕ್ಕೆಂದೇ ತಯಾರಾದ ಆಹಾರ ಅಂಗಡಿಯಲ್ಲಿ ಸಿಗುತ್ತದೆ, ಬೆಲೆ ಹೆಚ್ಚು. ಅದನ್ನು ತರಲಾರದವರು ಎಲುಬು ಮುಳ್ಳು ತೆಗೆದ, ಉಪ್ಪು ಹಾಕದೆ ಬೇಯಿಸಿದ ಕೋಳಿ ಅಥವಾ ಮೀನಿನ ಜೊತೆ ಬೆಂದ ಮೊಟ್ಟೆಯ ಬಿಳಿಯನ್ನು ಸೇರಿಸಬಹುದು. ಬಿಳಿಯಲ್ಲಿ ರಂಜಕ ಅತ್ಯಲ್ಪ. ಆದರೆ ಹೆಚ್ಚು ಕಾಲ ಇದೊಂದರಲ್ಲೇ ಇಡುವುದಾದರೆ ಡಾಕ್ಟರರನ್ನು ಕೇಳಿಯೇ ಇಡಬೇಕು. ಒಣಮೀನು ಬೇಡ, ಅದರ ಉಪ್ಪು ಕೆಡುಕು. ಪುಸ್ತಕದಲ್ಲಿ ಶ್ರೇಷ್ಠವೆನಿಸಿದ ಆಹಾರವನ್ನು ಬೆಕ್ಕು ಮೂಸಿ ಹೋದರೆ ಏನು ಪ್ರಯೋಜನ? ತಿನ್ನುವ ಆಹಾರವೇ ಮೇಲು. ಹಸಿವಾದರೆ ತಿಂದೀತು ಎಂದು ಉಪವಾಸ ಕೆಡವಲೇ ಕೂಡದು. ಬೊಜ್ಜಿನ ಬೆಕ್ಕು ಕೆಲವು ದಿನ ತಿನ್ನದಿದ್ದರೆ ಪಿತ್ತಕೋಶದಲ್ಲಿ, ಎಂದರೆ ಲಿವರಿನಲ್ಲಿ, ಕೊಬ್ಬು ತುಂಬಿ ಪ್ರಾಣಕ್ಕೆ ಬರುತ್ತದೆ. ಇನ್ನೊಂದು ಮಾತು: ಅನ್ನ ಬಿಡಿಸಿ ಮಾಂಸಕ್ಕೆ ತಿರುಗಿಸಿದೊಡನೆ ಸಕ್ಕರೆ ಇಳಿಯತೊಡಗುತ್ತದೆ. ಊಟ ಬದಲಿಸುವ ಮೊದಲೇ ಡಾಕ್ಟರರಿಗೆ ತಿಳಿಸಿ ಇನ್ಸುಲಿನ್ ಪ್ರಮಾಣವನ್ನು ಕೇಳಿಕೊಳ್ಳಬೇಕು.

ಮೀನು ಮಾಂಸ ತಾರದ ಮನೆಗಳೂ ನಮ್ಮಲ್ಲಿ ಬಹಳ. ಅಲ್ಲಿ ಬೆಕ್ಕು ಹಾಲನ್ನದ ಮೇಲೆ ಇಲಿ ಹಿಡಿದು ಜೀವಿಸುತ್ತದೆ. ಇಲಿ ಹಿಡಿಯಲಾರದ ಪ್ರಾಯದಲ್ಲಿ ಬರೇ ಹಾಲನ್ನವೇ ಗತಿ. ಮಾಂಸದಲ್ಲಿರುವ ಟಾರಿನ್ ಎಂಬ ಸತ್ವ ಸಿಗದಿದ್ದರೆ ಬೆಕ್ಕಿನ ಕಣ್ಣು ಕೆಡುವುದೆಂದು 1975ರಲ್ಲಿ, ಹೃದಯವೂ ಸೋಲುವುದೆಂದು 1987ರಲ್ಲಿ ಗೊತ್ತಾಯಿತು. ಅಂಥ ಮನೆಯವರು ಬೆಕ್ಕಿಗೆಂದೇ ಮಾರುವ ಪೊಟ್ಟಣದ ಆಹಾರವನ್ನಾದರೂ ತರಿಸಿ ಹೊರಜಗಲಿಯಲ್ಲಿ ಹಾಕಬೇಕೆಂದು ನಮ್ಮ ಅಭಿಪ್ರಾಯ.

ಇನ್ಸುಲಿನ್ ಕೊಡುವುದು ಹನ್ನೆರಡು ಗಂಟೆಗೊಮ್ಮೆ. ಬೆಳಗ್ಗೆ ಏಳು, ರಾತ್ರಿ ಏಳು ಎಂದಿಟ್ಟುಕೊಂಡರೆ ಶಾಲೆಯ ಕೆಲಸಕ್ಕೂ ತೋಟದ ಕೆಲಸಕ್ಕೂ ಅಡ್ಡಿಯಾಗದು. ಬೆಕ್ಕು ಉಣ್ಣುತ್ತಿರುವಾಗ ಪಕ್ಕೆಯ ಸಡಿಲ ಚರ್ಮವನ್ನು ಎತ್ತಿ ಹಿಡಿದು ಸೂಜಿ ಹಾಕಿದರೆ ಅದಕ್ಕೆ ಗೊತ್ತಾಗುವುದೂ ಕಡಿಮೆ. ದಿನವೂ ಒಂದೇ ಜಾಗಕ್ಕೆ ಚುಚ್ಚಬೇಡಿ. ಮದ್ದು ಒಳಗೆ ಹೋಯಿತೋ ಹೊರಗೆ ಚೆಲ್ಲಿತೋ ಎಂಬ ಸಂಶಯ ಬಂದರೆ ಎರಡನೆಯ ಸಲ ಚುಚ್ಚಲೇಬಾರದು. ತಿನ್ನದಿದ್ದರೆ, ವಾಂತಿ ಮಾಡಿದ್ದರೆ, ಕೇಳದೆ ಚುಚ್ಚಬಾರದು. ಮನೆಯಲ್ಲಿ ಇಬ್ಬರು ಚುಚ್ಚುವವರಿದ್ದರೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಒಬ್ಬರು ಕೊಟ್ಟದ್ದನ್ನು ಮತ್ತೊಬ್ಬರು ಕೊಡದಂತೆ ನೋಡಿಕೊಳ್ಳಿ.

ಸಿರಿಂಜಿನ ಲೆಕ್ಕವನ್ನು ಮನೆಯವರೆಲ್ಲ ಗಮನವಿಟ್ಟು ಓದಬೇಕು. ನಮ್ಮ ದೇಶದಲ್ಲಿ ಇನ್ಸುಲಿನ್ ಹೆಚ್ಚಾಗಿ ಎರಡು ಬಲದಲ್ಲಿ ಸಿಗುತ್ತದೆ: ಮಿಲಿಲೀಟರಿಗೆ 40 ಯೂನಿಟ್ ಮತ್ತು ಮಿಲಿಲೀಟರಿಗೆ 100 ಯೂನಿಟ್. ಸಿರಿಂಜು ಕೂಡ ಎರಡು ಬಗೆ. 40ರದ್ದಕ್ಕೆ ಸಾಮಾನ್ಯವಾಗಿ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಬೆಕ್ಕುಗಳಿಗೆ ಹೆಚ್ಚಾಗಿ ಬರೆದುಕೊಡುವ ಗ್ಲಾರ್ಜಿನ್ 100ರ ಬಲದ್ದು. ಅದನ್ನು 40ರ ಸಿರಿಂಜಿನಲ್ಲಿ ಒಂದು ಗೆರೆ ಎಳೆದರೆ ಏನಾಗುತ್ತದೆ? 100ನ್ನು 40ರಿಂದ ಭಾಗಿಸಿ: ಎರಡೂವರೆ. ಒಂದು ಯೂನಿಟ್ ಎಂದು ಚುಚ್ಚಿದ್ದು ಎರಡೂವರೆ ಯೂನಿಟ್ ಆಯಿತು. ಬೆಕ್ಕಿಗೆ ಆರಂಭದಲ್ಲಿ ಹೇಳುವುದೇ ಒಂದು ಯೂನಿಟ್ ಅಥವಾ ಅರ್ಧ; ಎರಡೂವರೆ ಪಟ್ಟು ಅದರ ಪ್ರಾಣ ತೆಗೆಯಬಲ್ಲದು. ಅಂಗಡಿಯಿಂದ ತಂದೊಡನೆ ಸೀಸೆಯ ಅಂಕಿಯನ್ನೂ ಸಿರಿಂಜಿನ ಅಂಕಿಯನ್ನೂ ಎದುರೆದುರು ಹಿಡಿದು ಓದಿ. ಮನೆಯ ಹಿರಿಯರಿಗೂ ಸಕ್ಕರೆ ಕಾಯಿಲೆ ಇದ್ದರೆ ಅವರ ಸಾಮಾನಿನ ಜೊತೆ ಬೆಕ್ಕಿನದ್ದನ್ನು ಇಡಬೇಡಿ.

ತೆರೆಯದ ಸೀಸೆ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಬಾರದು. ತೆರೆದ ಗ್ಲಾರ್ಜಿನ್ 30 ಡಿಗ್ರಿ ಮೀರದ ಜಾಗದಲ್ಲಿ 28 ದಿನ ಇರುತ್ತದೆಂದು ತಯಾರಕರೇ ಬರೆಯುತ್ತಾರೆ. ಆಷಾಢದ ಗಾಳಿಮಳೆಗೆ ಕಂಬ ಬಿದ್ದು ಎರಡು ದಿನ ಕರೆಂಟಿಲ್ಲದಿದ್ದರೂ ಗಾಬರಿಯಾಗಬೇಕಿಲ್ಲ. ಬೇಸಿಗೆಯಲ್ಲಿಯಾದರೆ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯೊಳಗೆ ನೀರು ತಾಗದಂತೆ ಇಡಿ. ತಿಳಿಯಾದ ಗ್ಲಾರ್ಜಿನ್ ಮಬ್ಬಾದರೆ ಚೆಲ್ಲಿಬಿಡಿ. ದಿನಕ್ಕೆ 2 ಯೂನಿಟಿನಂತೆ 28 ದಿನಕ್ಕೆ ಬೇಕಾದ್ದು 56 ಯೂನಿಟ್. 1000 ಯೂನಿಟಿನ ದೊಡ್ಡ ಸೀಸೆ ತರುವ ಬದಲು 300 ಯೂನಿಟಿನ ಸಣ್ಣದನ್ನು ತಂದರೆ ನಷ್ಟ ಕಡಿಮೆ.

ಸಕ್ಕರೆ ತೀರ ಇಳಿದರೆ ಬೆಕ್ಕು ತೂರಾಡುತ್ತದೆ, ನಡುಗುತ್ತದೆ, ಮಂಕಾಗಿ ಮೂಲೆ ಸೇರುತ್ತದೆ, ಕೊನೆಗೆ ಸೆಳವು ಬರುತ್ತದೆ. ತಿನ್ನುವಂತಿದ್ದರೆ ಕೂಡಲೇ ಊಟ ಕೊಡಿ. ತಿನ್ನಲಾರದಿದ್ದರೆ ಜೇನು ಅಥವಾ ಸಕ್ಕರೆಯ ಪಾಕವನ್ನು ಒಸಡಿಗೆ ಸವರಿ. ಗಂಟಲಿಗೆ ಹೊಯ್ಯಬಾರದು, ಶ್ವಾಸಕ್ಕೆ ಸಿಕ್ಕೀತು. ಸವರಿದ ಮೇಲೆ ಎದ್ದು ಕುಳಿತರೂ ಆಸ್ಪತ್ರೆಗೆ ಒಯ್ಯಲೇಬೇಕು. ಇನ್ಸುಲಿನ್ ಮನೆಯಲ್ಲಿರುವವರೆಗೆ ಜೇನಿನ ಕುಪ್ಪಿ ಕೈಗೆಟಕುವಲ್ಲಿರಲಿ. ಇದಕ್ಕೆ ತದ್ವಿರುದ್ಧವಾದ ಅಪಾಯವೂ ಉಂಟು: ತಿನ್ನುವುದು ನಿಂತು, ವಾಂತಿಯಾಗಿ, ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ ಬಂದರೆ ರಕ್ತದಲ್ಲಿ ಆಮ್ಲ ಏರಿದೆಯೆಂದು ತಿಳಿದು ಅಂದೇ ಒಯ್ಯಬೇಕು. ಕಿವಿಯ ಅಂಚಿಗೆ ಸೂಜಿ ತಾಗಿಸಿ ಬಂದ ಒಂದು ಹನಿ ರಕ್ತವನ್ನು ಗ್ಲುಕೋಮೀಟರಿನಲ್ಲಿ ನೋಡಲು ಕಲಿಯುವುದು ಸಾಧ್ಯ. ನಮ್ಮ ಏಳನೆಯ ತರಗತಿಯ ಮಗಳು ನಮಗಿಂತ ಚೆನ್ನಾಗಿ ಕಲಿತಳು. ಮನುಷ್ಯರ ಯಂತ್ರ ಬೆಕ್ಕಿನ ಸಕ್ಕರೆಯನ್ನು ನಿಜಕ್ಕಿಂತ ಸಾಮಾನ್ಯವಾಗಿ ಕಡಿಮೆ ತೋರಿಸುತ್ತದೆಂಬುದು ಮಾತ್ರ ನೆನಪಿರಲಿ. ಬರೆದ ಅಂಕಿಗಳನ್ನು ಡಾಕ್ಟರರಿಗೆ ತೋರಿಸಿ. ಒಂದು ದಿನದ ಅಂಕಿ ನೋಡಿ ತಾವೇ ಪ್ರಮಾಣ ಏರಿಸಬೇಡಿ.

ಕೊಳೆತ ಹಲ್ಲು, ಮೂತ್ರದ ಸೋಂಕು ಮುಂತಾದುವು ಇರುವಷ್ಟು ದಿನ ಇನ್ಸುಲಿನ್ ಸರಿಯಾಗಿ ನಾಟುವುದಿಲ್ಲ. ಅವು ಗುಣವಾದೊಡನೆ ಅದೇ ಪ್ರಮಾಣ ಹೆಚ್ಚಾಗಿಬಿಡುತ್ತದೆ. ನಮ್ಮ ಬೆಕ್ಕಿನ ಹಲ್ಲು ಕಿತ್ತ ಎರಡನೆಯ ವಾರದಲ್ಲಿ ಅಂಕಿ ಇಳಿಯುತ್ತ ಬಂದು, ಡಾಕ್ಟರರು ಒಂದು ಯೂನಿಟನ್ನು ಅರ್ಧಕ್ಕಿಳಿಸಿದರು. ಬೇಗ ಆರಂಭಿಸಿದ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ ಪೂರ್ತಿ ಬಿಡುವ ಕಾಲವೂ ಬರುವುದುಂಟು. ಪ್ರಮಾಣ ಏರಿಸಿದಷ್ಟೂ ನಾಟದೆ, ಬೆಕ್ಕು ದಪ್ಪವಾಗುತ್ತ ಹೋದರೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ದೋಷವಿರಬಹುದು. ಸಿಹಿಮೂತ್ರದ ಬೆಕ್ಕುಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಇದಿದೆಯೆಂದು 2015ರಲ್ಲಿ ಇಂಗ್ಲೆಂಡಿನಲ್ಲಿ ಲೆಕ್ಕ ಹಾಕಿದರು. ಮೂತ್ರಪಿಂಡಕ್ಕಾಗಿ ಚರ್ಮದಡಿಗೆ ಸಲೈನ್ ಕೊಡುವುದನ್ನು ಡಾಕ್ಟರರಿಂದ ಕಲಿತು ಮನೆಯಲ್ಲಿಯೇ ಮಾಡಬಹುದು. ಹೃದಯ ಸರಿಯಿದೆಯೇ ಎಂದು ಮೊದಲೇ ನೋಡಿಸಿರಬೇಕು.

ಸಿಹಿಮೂತ್ರಕ್ಕೆ ಬಾಯಿಯ ಮದ್ದು ಬಂದಿದೆಯೆಂದು ಕೇಳಿದವರಿರಬಹುದು. ಅಮೇರಿಕದಲ್ಲಿ 2022ರ ಕೊನೆಗೆ ಒಂದು ಮಾತ್ರೆಗೂ 2023ರಲ್ಲಿ ಒಂದು ದ್ರವಕ್ಕೂ ಬೆಕ್ಕುಗಳಿಗಾಗಿ ಒಪ್ಪಿಗೆ ದೊರೆತದ್ದು ನಿಜ. ಆದರೆ ಅವು ಉಳಿದಂತೆ ಆರೋಗ್ಯವಾಗಿರುವ, ಹಿಂದೆ ಇನ್ಸುಲಿನ್ ಪಡೆಯದ ಬೆಕ್ಕುಗಳಿಗೆ ಮಾತ್ರ. ಇನ್ನು ಮನೆಯ ಹಿರಿಯರ ಸಕ್ಕರೆ ಮಾತ್ರೆಯನ್ನು ಮುರಿದು ಬೆಕ್ಕಿಗೆ ಹಾಕುವುದು, ಜ್ವರವೆಂದು ಪ್ಯಾರಾಸಿಟಮಾಲ್ ಕೊಡುವುದು ಎಂದಿಗೂ ಸಲ್ಲದು. ಒಂದೇ ಮಾತ್ರೆ ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ.

ಇಷ್ಟೆಲ್ಲ ಒಂದು ಬೆಕ್ಕಿಗೇ ಎಂದು ಕೇಳುವವರಿದ್ದಾರೆ. ಖರ್ಚೂ ಉಂಟು, ದಿನಕ್ಕೆರಡು ಸಲ ಮನೆಗೆ ಕಟ್ಟುಬೀಳುವುದೂ ಉಂಟು. ನೆಂಟರ ಮನೆಯ ಮದುವೆಗೆ ಹೋದರೂ ಸಂಜೆಗೆ ಮರಳಬೇಕು. ಆಗದವರು ಆಗದೆಂದು ಡಾಕ್ಟರರಿಗೆ ಮೊದಲೇ ಹೇಳುವುದರಲ್ಲಿ ತಪ್ಪಿಲ್ಲ. ಅರ್ಧ ಮಾಡಿ ಬಿಡುವುದರಲ್ಲಿ ಬೆಕ್ಕಿಗೆ ಹಿಂಸೆ ಹೆಚ್ಚು. ತೂಕ, ನೀರು, ಅಂಕಿ ಬರೆಯುವ ಅದೇ ಪುಸ್ತಕದಲ್ಲಿ ದಿನಕ್ಕೊಂದು ಗುರುತು ಹಾಕಿ: ತಾನಾಗಿ ತಿಂದಿತೇ, ಮೈ ನೆಕ್ಕಿಕೊಂಡಿತೇ, ಬಿಸಿಲಿಗೆ ಬಂದು ಕುಳಿತಿತೇ. ಕೆಟ್ಟ ದಿನಗಳು ಒಳ್ಳೆಯ ದಿನಗಳನ್ನು ಮೀರಿ ಹೋದಾಗ, ನೋವಿಲ್ಲದೆ ಕೊನೆಗಾಣಿಸುವ ಚುಚ್ಚುಮದ್ದನ್ನು ಡಾಕ್ಟರರು ಕೊಡುತ್ತಾರೆ. ಗೋಣಿಯಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟುಬರುವ ಕ್ರಮವನ್ನು ಇನ್ನಾದರೂ ನಿಲ್ಲಿಸಬೇಕು. ನಮ್ಮ ಬೆಕ್ಕಿಗೆ ಹದಿನಾಲ್ಕು ತಿಂಗಳು ದೊರೆತುವು. ಕೊನೆಯ ಒಂಬತ್ತು ದಿನಗಳಲ್ಲಿ ಏಳು ಕೆಟ್ಟ ಗುರುತುಗಳಾದಾಗ ಒಯ್ದೆವು.

ಬಳಸಿದ ಸೂಜಿಗಳನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ; ಬರಿಗಾಲಿನಲ್ಲಿ ಗೊಬ್ಬರ ಹೊರುವವರಿಗೂ ಹುಲ್ಲು ಮೇಯುವ ದನಕ್ಕೂ ಅಪಾಯ. ಮುಚ್ಚಳವಿರುವ ಗಟ್ಟಿ ಡಬ್ಬಿಯಲ್ಲಿ ಕೂಡಿಟ್ಟು, ತುಂಬಿದಾಗ ಎಲ್ಲಿ ಕೊಡಬೇಕೆಂದು ಆಸ್ಪತ್ರೆಯಲ್ಲಿ ಕೇಳಿ. ಉಳಿದ ಇನ್ಸುಲಿನನ್ನು ಇನ್ನೊಂದು ಬೆಕ್ಕಿಗೆಂದು ತೆಗೆದಿಡುವುದೂ ಬೇಡ.